ಗಗನದಿಂದ ಕಂಡ ಕೊಡಲಿಯ ಗಾಯ

ಅಮೆಜಾನಿನ ಕಾಡನ್ನು ಕೊಡಲಿಗಿಂತ ಮೊದಲು ಹೊಕ್ಕದ್ದು ರಸ್ತೆ. ಬ್ರೆಜಿಲ್ ದೇಶದ ರೊಂಡೋನಿಯಾ ಪ್ರಾಂತ್ಯದಲ್ಲಿ ಬಿ.ಆರ್.-364 ಎಂಬ ಹೆದ್ದಾರಿಗೆ 1984ರಲ್ಲಿ ಡಾಂಬರು ಬಿದ್ದ ಮೇಲೆ, ಅದರ ಇಕ್ಕೆಲಗಳಲ್ಲಿಯೂ ಅಡ್ಡದಾರಿಗಳು ಕವಲೊಡೆದು, ಆ ದಾರಿಗಳ ಗುಂಟ ವಲಸೆ ಬಂದವರು ಅರಣ್ಯವನ್ನು ಸವರುತ್ತ ಹೋದುದರಿಂದ, ಆ ನೆಲವು ಮೇಲಿನಿಂದ ನೋಡುವವರಿಗೆ ಉಂಡು ಬಿಟ್ಟ ಮೀನಿನ ಮುಳ್ಳಿನಂತೆ ತೋರತೊಡಗಿತು. ಹಾಗೆ ನೋಡುವ ಕಣ್ಣು ಅದಕ್ಕೂ ಮೊದಲೇ ಸಿದ್ಧವಾಗಿತ್ತು. ಲ್ಯಾಂಡ್‌ಸ್ಯಾಟ್ ಮಾಲೆಯ ಮೊದಲ ಉಪಗ್ರಹವನ್ನು ಅಮೆರಿಕವು 1972ರಲ್ಲಿಯೇ ಹಾರಿಸಿತ್ತು.

ಬ್ರೆಜಿಲಿನ ರಾಷ್ಟ್ರೀಯ ಬಾಹ್ಯಾಕಾಶ ಸಂಶೋಧನ ಸಂಸ್ಥೆಯು 1988ರಿಂದ ಪ್ರತಿವರ್ಷವೂ ಇಂಥ ಉಪಗ್ರಹಚಿತ್ರಗಳಿಂದ ಅಮೆಜಾನಿನ ಅರಣ್ಯನಾಶವನ್ನು ಅಳೆಯುತ್ತ ಬಂದಿದೆ. ಪ್ರೊಡೆಸ್ ಎಂದು ಹೆಸರಾದ ಈ ಕಾರ್ಯದ ಆದಿಕಾಲದಲ್ಲಿ ಗಣಕಯಂತ್ರದ ಪಾತ್ರ ಅಲ್ಪವೇ. 2,50,000ಕ್ಕೆ 1ರ ಪ್ರಮಾಣದಲ್ಲಿ ಮುದ್ರಿಸಿದ ವರ್ಣಚಿತ್ರದ ಮೇಲೆ ಪಾರದರ್ಶಕ ಹಾಳೆಯನ್ನು ಹಾಸಿ, ಹಳೆಯ ಕಡಿತ ಯಾವುದು, ಹೊಸತು ಯಾವುದು, ಮೋಡದ ನೆರಳು ಯಾವುದು ಎಂದು ವಿವೇಚಿಸುತ್ತ, ಬೋಳಾದ ಒಂದೊಂದು ತುಂಡಿನ ಅಂಚನ್ನೂ ಪರೀಕ್ಷಕನು ಕೈಯಿಂದಲೇ ಗೆರೆ ಎಳೆದು ಗುರುತಿಸುತ್ತಿದ್ದನು. 6.25 ಹೆಕ್ಟೇರಿಗಿಂತ ಚಿಕ್ಕದಾದುದು ಲೆಕ್ಕಕ್ಕೆ ಸೇರುತ್ತಿರಲಿಲ್ಲ. ವರ್ಷಾಂತ್ಯದ ಲೆಕ್ಕವೆಂದರೆ ಹೆಣ ಸುಟ್ಟ ಮೇಲೆ ವೈದ್ಯನು ಬಂದಂತೆ. ಆದುದರಿಂದ 2004ರಲ್ಲಿ, ಕಡಿತ ನಡೆಯುತ್ತಿರುವಾಗಲೇ ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸುವ ಡೆಟೆರ್ ಎಂಬ ವ್ಯವಸ್ಥೆಯು ಹುಟ್ಟಿತು. ಅದರ ಮುಂದಿನ ರೂಪಕ್ಕೆ ನಮ್ಮ ದೇಶದ ರಿಸೋರ್ಸ್‌ಸ್ಯಾಟ್ ಉಪಗ್ರಹದ ಚಿತ್ರಗಳೂ ಒದಗಿಬಂದವು. ಆ 2004ರಲ್ಲಿ 27,772 ಚದರ ಕಿಲೋಮೀಟರ್ ಇದ್ದ ನಾಶವು 2012ಕ್ಕೆ 4,571ಕ್ಕೆ ಇಳಿದುದು ಕೇವಲ ಈ ಕಣ್ಣಿನಿಂದಲ್ಲವಾದರೂ, ಈ ಕಣ್ಣಿಲ್ಲದೆ ಅದು ಆಗುತ್ತಿರಲಿಲ್ಲವೆಂದೇ ನನ್ನ ಎಣಿಕೆ.

ಆದರೆ ಬೋಳಾದ ಕಾಡನ್ನು ಕಾಣುವುದು ಸುಲಭ; ಕದ್ದ ಕಾಡನ್ನು ಕಾಣುವುದೇ ಕಷ್ಟ. ಮಲೆನಾಡಿನಲ್ಲಿ ಕೂಪಿನ ಕೆಲಸ ಕಂಡವರು ಇದನ್ನು ಬಲ್ಲರು: ನೂರು ಮರಗಳ ನಡುವೆ ಬೆಲೆಬಾಳುವ ಒಂದೆರಡನ್ನು ಮಾತ್ರ ಉರುಳಿಸಿ, ದಿಮ್ಮಿ ಮಾಡಿ ಎಳೆದೊಯ್ದರೆ, ಕಾಡು ಹೊರಗಿನವರಿಗೆ ಕಾಡಾಗಿಯೇ ಉಳಿದಿರುತ್ತದೆ. ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚುಕ್ಕಿಯೆಂದರೆ 30 ಮೀಟರ್ ಚೌಕದ ನೆಲ. ಅದರಲ್ಲಿ ಹಸುರೆಲೆ, ಒಣಗಿದ ರೆಂಬೆ, ಬರಿಮಣ್ಣು, ನೆರಳು ಎಲ್ಲವೂ ಬೆರೆತಿರುವುದರಿಂದ, ಈ ಮಿಶ್ರಣವನ್ನು ಬೇರ್ಪಡಿಸಿ, ಯಾವುದರ ಪಾಲು ಎಷ್ಟೆಂದು ಗಣಿಸಿದಾಗಲೇ ದಿಮ್ಮಿಗಳನ್ನು ಎಳೆದ ಜಾಡೂ ಅವನ್ನು ಒಟ್ಟಿದ ಬಯಲೂ ಹೊರಬೀಳುತ್ತವೆ. ಒಂದೆರಡು ವರ್ಷ ತಡಮಾಡಿದರೆ ಎಲೆಗಳು ಮತ್ತೆ ಕೂಡಿಕೊಂಡು ಆ ಸಾಕ್ಷ್ಯವೂ ಅಳಿಸಿಹೋಗುತ್ತದೆ. ವಿಜ್ಞಾನಿ ಗ್ರೆಗರಿ ಆಸ್ನರ್ ಮತ್ತು ಸಂಗಡಿಗರು 2005ರಲ್ಲಿ ಈ ಮಾರ್ಗದಿಂದ ಬ್ರೆಜಿಲಿನ ಐದು ಪ್ರಾಂತ್ಯಗಳನ್ನು ಶೋಧಿಸಿ, 1999ರಿಂದ 2002ರವರೆಗೆ ವರ್ಷಕ್ಕೆ ಸುಮಾರು 12,000ದಿಂದ 20,000 ಚದರ ಕಿಲೋಮೀಟರ್ ಅರಣ್ಯವು ಹೀಗೆ ಕೊಡಲಿಗೆ ಸಿಕ್ಕಿತೆಂದು ತೋರಿಸಿದರು.

ಉದಾಹರಣೆಗಳಿಂದ ತಾನೇ ಕಲಿಯುವ ಗಣಕವಿದ್ಯೆ, ಅಂದರೆ ಯಂತ್ರಕಲಿಕೆ, ಈ ರಂಗಕ್ಕೆ ದೊಡ್ಡ ಪ್ರಮಾಣದಲ್ಲಿ ಬಂದುದು ಇಷ್ಟೆಲ್ಲ ಆದ ಮೇಲೆ. ಲ್ಯಾಂಡ್‌ಸ್ಯಾಟ್ ಭಂಡಾರವು 2008ರಲ್ಲಿ ಉಚಿತವಾದುದರ ಫಲವಾಗಿ, ವಿಜ್ಞಾನಿ ಮ್ಯಾಥ್ಯೂ ಹ್ಯಾನ್ಸೆನ್ ಅವರ ತಂಡವು 2013ರಲ್ಲಿ 6,54,178 ಚಿತ್ರಗಳಿಂದ ಇಡೀ ಭೂಮಂಡಲದ ಅರಣ್ಯನಾಶದ ನಕ್ಷೆಯನ್ನೇ ರಚಿಸಿತು. ಅವರು ಬಳಸಿದ ಗಣಿತಕ್ಕೆ ನಿರ್ಣಯವೃಕ್ಷವೆಂದು ಹೆಸರು, ವೃಕ್ಷಕ್ಕೆ ವೃಕ್ಷವೇ ಸಾಕ್ಷಿಯಾದಂತೆ. ಅನಂತರ ಈ ಕೆಲಸಕ್ಕೆ ಇಳಿದ ಕೃತಕ ನರಜಾಲಗಳಾದರೋ ಹೆಚ್ಚಾಗಿ ಗುರುವಿಲ್ಲದೆ ಕಲಿಯಲಾರವು. ಅವುಗಳಲ್ಲಿ ಅನೇಕಕ್ಕೆ ಪಾಠವಾಗಿ ಒದಗಿದ್ದು ಪ್ರೊಡೆಸ್‌ನ ಪರೀಕ್ಷಕರು ವರ್ಷವರ್ಷವೂ ಎಳೆದಿಟ್ಟ ಗಡಿರೇಖೆಗಳೇ. ಹಾಳೆ ಹೋಗಿ ಪರದೆ ಬಂದಿದ್ದರೂ, ಪ್ರೊಡೆಸ್‌ನ ವಾರ್ಷಿಕ ಲೆಕ್ಕದ ಗೆರೆಗಳನ್ನು ಇಂದಿಗೂ ಪಳಗಿದ ಮನುಷ್ಯರೇ ನೋಡಿ ನಿರ್ಣಯಿಸುತ್ತಾರೆ.