ಮನ್ನಾ, ಮಂದೆ ಮತ್ತು ಎದೋಮಿನ ಗಡಿ: ಇಸ್ರಾಯೇಲ್ಯರ ಪಯಣವನ್ನು ಕ್ರೈಸ್ತರು ಓದಿದ ಬಗೆ

ಇಸ್ರಾಯೇಲ್ಯರು ಐಗುಪ್ತದಿಂದ ಹೊರಟು ಅರಣ್ಯದಲ್ಲಿ ಕಳೆದ ನಲವತ್ತು ವರ್ಷಗಳ ಕಥೆಯನ್ನು ಕ್ರೈಸ್ತರು ಮೊದಲಿನಿಂದಲೂ ತಮ್ಮದೇ ಕಥೆಯೆಂದು ಓದಿದ್ದಾರೆ. ಆ ಓದು ಬರಬರುತ್ತ ಒಳಮುಖವಾಯಿತು; ಕಥೆಯೊಳಗಿನ ದನಕುರಿ, ನೀರು, ಗಡಿ ಹಿಂದೆ ಸರಿದವು. ಚಳ್ಳಕೆರೆ–ಮೊಳಕಾಲ್ಮೂರಿನಂಥ ಮಳೆ ಕಾಣದ ಸೀಮೆಯಲ್ಲಿ ಕೂತು ಓದುವವರಿಗೆ ಅವು ಮತ್ತೆ ಎದುರಾಗುತ್ತವೆ ಎಂಬುದು ಈ ಲೇಖನದ ವಾದ.

ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಈ ಪಯಣವನ್ನು ಎಚ್ಚರಿಕೆಯಾಗಿ ಬಳಸಿದ: ಸಮುದ್ರ ದಾಟಿದವರೂ ದಾರಿಯಲ್ಲಿ ಬಿದ್ದರು. ಇಬ್ರಿಯರಿಗೆ ಬರೆದ ಪತ್ರ ಅದನ್ನು ದೇವರ ವಿಶ್ರಾಂತಿಯ ಕಡೆಗಿನ ನಡಿಗೆಯಾಗಿ ಕಂಡಿತು. 3ನೇ ಶತಮಾನದ ಒರಿಗೆನ್, ಅರಣ್ಯಕಾಂಡದ 33ನೇ ಅಧ್ಯಾಯದ 42 ಬಿಡಾರಗಳನ್ನು ಆತ್ಮವು ಏರುವ ಮೆಟ್ಟಿಲುಗಳೆಂದು ವಿವರಿಸಿದ. ಮುಂದಿನ ಶತಮಾನದಲ್ಲಿ ನಿಸ್ಸಾದ ಗ್ರೆಗೊರಿ ಮೋಶೆಯ ಬದುಕನ್ನು ಇದೇ ಜಾಡಿನಲ್ಲಿ ಬರೆದ. ಪಾಂಡಿತ್ಯದ ದೃಷ್ಟಿಯಿಂದ ಇವು ದೊಡ್ಡ ಕೆಲಸಗಳು. ಆದರೆ ಬಿಡಾರದಲ್ಲಿದ್ದ ಹಸಿದ ಮಕ್ಕಳು, ಬಾಯಾರಿದ ದನಗಳು ಅಲ್ಲಿ ಕಾಣುವುದು ಕಡಿಮೆ.

ಈ ಕಥೆ ಕನ್ನಡದಲ್ಲಿ ಅಚ್ಚಾಗಿ ಬಂದದ್ದು ಮೊಳಕಾಲ್ಮೂರಿನ ನೆರೆಯ ಬಳ್ಳಾರಿಯಿಂದ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿ ನೆಲೆನಿಂತರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಸಿದ್ಧವಾಗಿತ್ತು. ಬರ ಕಂಡ ಜನರ ಕೈಗೆ ಬರದ ದಾರಿಯ ಕಥೆ ಬಂತು.

ಅರಣ್ಯದಲ್ಲಿ ದೇವರು ಕೊಟ್ಟ ಆಹಾರವಾದ ಮನ್ನಾದ ಪ್ರಸಂಗವನ್ನೇ ನೋಡಿ. ತಲೆಗೆ ಒಂದು ಓಮೆರ್ ಅಳತೆ, ಆಯಾ ದಿನಕ್ಕಷ್ಟೇ. ಹೆಚ್ಚು ಕೂಡಿಸಿದವರಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವರಿಗೆ ಸಾಲದೆ ಹೋಗಲಿಲ್ಲ. ಬೆಳಗಿನವರೆಗೆ ಬಚ್ಚಿಟ್ಟದ್ದಕ್ಕೆ ಹುಳ ಬಿದ್ದು ನಾತ ಹೊಡೆಯಿತು. ಇದನ್ನು ದೇವರ ಮೇಲಿನ ದಿನದಿನದ ಭರವಸೆಯ ಪಾಠವೆಂದು ಬೋಧಿಸುವುದು ವಾಡಿಕೆ, ಅದು ಸರಿಯೂ ಹೌದು. ಆದರೆ ಪೌಲನು ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯದಲ್ಲಿ ಮನ್ನಾವನ್ನು ನೆನೆದದ್ದು ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸುವಾಗ. ಉಳ್ಳವರ ಸಮೃದ್ಧಿ ಇಲ್ಲದವರ ಕೊರತೆ ತುಂಬಿ ಇಬ್ಬರೂ ಸಮವಾಗಬೇಕು ಎಂಬುದು ಅವನ ಮಾತಿನ ತಿರುಳು.

ಇನ್ನೊಂದು ಪ್ರಸಂಗ ಎದೋಮಿನ ಗಡಿಯದು. ಕಾದೇಶಿನಿಂದ ಮೋಶೆ ದಾರಿ ಕೇಳಿ ಎದೋಮಿನ ಅರಸನಿಗೆ ದೂತರನ್ನು ಕಳಿಸುತ್ತಾನೆ: ಹೊಲಕ್ಕೆ, ದ್ರಾಕ್ಷಿ ತೋಟಕ್ಕೆ ಕಾಲಿಡುವುದಿಲ್ಲ, ರಾಜಮಾರ್ಗ ಬಿಡುವುದಿಲ್ಲ, ನಮ್ಮ ದನಗಳು ನೀರು ಕುಡಿದರೆ ಬೆಲೆ ಕೊಡುತ್ತೇವೆ. ಮೇವು ಹುಡುಕಿ ಊರೂರು ತಿರುಗುವ ಕುರುಬರಿಗೆ ಈ ಮಾತಿನ ವರಸೆ ಹೊಸದಲ್ಲ. ನಮ್ಮ ಬಯಲುಸೀಮೆಯಲ್ಲಿ ರೈತರು ಗೊಬ್ಬರಕ್ಕಾಗಿ ಹೊಲದಲ್ಲಿ ಮಂದೆ ನಿಲ್ಲಿಸಿಕೊಂಡು, ಕುರಿಗಾರರಿಗೆ ಕಾಳೋ ಕಾಸೋ ಕೊಡುವ ಪದ್ಧತಿಯಿದೆ. ಎದೋಮ್ ಮಾತ್ರ ಸೈನ್ಯ ಕಟ್ಟಿಕೊಂಡು ಅಡ್ಡ ನಿಂತಿತು.

ದಾರಿಯ ಇಂಥದೇ ಪ್ರಶ್ನೆ ಚಳ್ಳಕೆರೆಯ ಸೀಮೆಯಲ್ಲೂ ಎದ್ದಿದೆ. ಕುದಾಪುರದ ಸುತ್ತಲಿನ ಅಮೃತಮಹಲ್ ಕಾವಲು ಮೇವಿಗೆಂದೇ ಉಳಿದು ಬಂದ ಹುಲ್ಲುಗಾವಲು. ಚಳ್ಳಕೆರೆ ತಾಲೂಕಿನ ಕಾವಲುಗಳ ಸಾವಿರಾರು ಎಕರೆ ಈಗ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಗಿದೆ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸಿಕ್ಕಿದ್ದು ಸುಮಾರು 1,500 ಎಕರೆ. ಮಂದೆಗಳ ದಾರಿಯ ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಆ ಸಂಸ್ಥೆಗಳನ್ನು ಎದೋಮ್ ಎನ್ನುವುದು ನನ್ನ ಉದ್ದೇಶವಲ್ಲ. ದಾರಿ ಮತ್ತು ನೀರು ಕೇಳುವುದು ಎಂದರೇನು ಎಂಬುದನ್ನು ಇಲ್ಲಿನ ದನಗಾಹಿಗಳು ಯಾವ ವ್ಯಾಖ್ಯಾನಕಾರನಿಗಿಂತಲೂ ಚೆನ್ನಾಗಿ ಬಲ್ಲರು.

ಕಂಚಿನ ಸರ್ಪದ ಕಥೆ ಎಲ್ಲ ಕ್ರೈಸ್ತರಿಗೂ ಗೊತ್ತು. ಯೇಸು ಅದನ್ನು ತನ್ನ ಶಿಲುಬೆಗೆ ಹೋಲಿಸಿದ್ದಾನೆ. ಜನ ಗೊಣಗಿ ಸರ್ಪಗಳ ಬಾಯಿಗೆ ಬಿದ್ದದ್ದು ಎದೋಮನ್ನು ಬಳಸಿಕೊಂಡು ಹೋಗುವ ದೂರದ ದಾರಿಯಲ್ಲಿ ಎಂಬುದು ಬೋಧನೆಗಳಲ್ಲಿ ಬಿಟ್ಟುಹೋಗುತ್ತದೆ. ಹಾಗೆಂದು ಗ್ರಂಥ ಸೇಡನ್ನೂ ಕಲಿಸುವುದಿಲ್ಲ. ಎದೋಮ್ಯನು ನಿನ್ನ ಸಹೋದರ, ಅವನನ್ನು ಹೇಸಬೇಡ ಎಂದು ಧರ್ಮೋಪದೇಶಕಾಂಡದ 23ನೇ ಅಧ್ಯಾಯ ವಿಧಿಸುತ್ತದೆ. ಸರ್ಪದ ಕಥೆಯಿರುವ ಅರಣ್ಯಕಾಂಡದ 21ನೇ ಅಧ್ಯಾಯವನ್ನು ಬೋಧಿಸುವವರು ದಯವಿಟ್ಟು ಎದೋಮ್ ದಾರಿ ತಡೆದ 20ನೆಯದನ್ನೂ ಸಭೆಗೆ ಓದಿ ಹೇಳಲಿ.