ಲೋಹ–ಅವಾಹಕ ಸಂಕ್ರಮಣದ ಹೋಲೋಗ್ರಾಫಿಕ್ ಅಧ್ಯಯನ

ಲೋಹ–ಅವಾಹಕ ಸಂಕ್ರಮಣದ ಹೋಲೋಗ್ರಾಫಿಕ್ ಅಧ್ಯಯನವು, ವಿದ್ಯುತ್ತನ್ನು ಹರಿಯಗೊಡುವ ವಸ್ತು ಅವಾಹಕವಾಗಿ ಮಾರ್ಪಡುವ ಬಗೆಯನ್ನು ಕಪ್ಪುಕುಳಿಗಳ ಗಣಿತದ ಮೂಲಕ ಪರಿಶೀಲಿಸುವ ಸೈದ್ಧಾಂತಿಕ ಭೌತಶಾಸ್ತ್ರದ ಒಂದು ವಿಭಾಗ. 1997ರಲ್ಲಿ ಹುವಾನ್ ಮಾಲ್ದಸೆನಾ ಮಂಡಿಸಿದ ಹೋಲೋಗ್ರಾಫಿಕ್ ದ್ವಿತ್ವವೇ ಇದರ ತಳಹದಿ. ಇದರ ಪ್ರಕಾರ, ಪ್ರಬಲವಾಗಿ ಪರಸ್ಪರ ವರ್ತಿಸುವ ಕೆಲವು ಕ್ವಾಂಟಮ್ ವ್ಯವಸ್ಥೆಗಳು ಒಂದು ಆಯಾಮ ಹೆಚ್ಚಿರುವ ವಕ್ರ ದೇಶಕಾಲದ ಗುರುತ್ವ ಸಿದ್ಧಾಂತಕ್ಕೆ ಸಮಾನವಾಗಿರುತ್ತವೆ. ವ್ಯವಸ್ಥೆಯ ತಾಪಮಾನವು ಕಪ್ಪುಕುಳಿಯ ಹಾಕಿಂಗ್ ತಾಪಮಾನಕ್ಕೂ, ಆವೇಶ ಸಾಂದ್ರತೆಯು ಕಪ್ಪುಕುಳಿಯ ವಿದ್ಯುದಾವೇಶಕ್ಕೂ ಸಂವಾದಿಯಾಗುತ್ತದೆ.

ಹಿನ್ನೆಲೆ

ಇಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆಯಿಂದ ವಸ್ತು ಅವಾಹಕವಾಗಬಲ್ಲದೆಂದು ನೆವಿಲ್ ಮಾಟ್ 1949ರಲ್ಲಿಯೂ, ಕಲ್ಮಶಗಳ ಅವ್ಯವಸ್ಥೆಯಿಂದ ಹಾಗಾಗಬಲ್ಲದೆಂದು ಫಿಲಿಪ್ ಆಂಡರ್ಸನ್ 1958ರಲ್ಲಿಯೂ ವಿವರಿಸಿದರು. ವಿಕರ್ಷಣೆ ಪ್ರಬಲವಾದಾಗ ಬಿಡಿ ಇಲೆಕ್ಟ್ರಾನುಗಳ ಚಲನೆಯನ್ನು ಆಧರಿಸಿದ ಲೆಕ್ಕಾಚಾರ ಕೈಕೊಡುತ್ತದೆ. ದ್ವಿತ್ವವು ಉಪಯುಕ್ತವಾಗುವುದು ಇಲ್ಲಿಯೇ.

ವಾಹಕತೆಯ ಲೆಕ್ಕ

ಸರಳವಾದ ಆವೇಶಯುಕ್ತ ಕಪ್ಪುಕುಳಿಯು ಎಲ್ಲೆಡೆ ಏಕರೂಪವಾಗಿರುವುದರಿಂದ ಆವೇಶಗಳ ಸಂವೇಗ ಎಂದಿಗೂ ಕ್ಷಯಿಸದು. ಏಕಮುಖ ವಿದ್ಯುತ್ತಿಗೆ ವಾಹಕತೆ ಅನಂತವಾಗುತ್ತದೆ. ನೈಜ ಲೋಹದಲ್ಲಿ ಸ್ಫಟಿಕ ಜಾಲಕ ಮತ್ತು ಕಲ್ಮಶಗಳು ಈ ಸಂವೇಗವನ್ನು ಹೀರುತ್ತವೆ. ಆದ್ದರಿಂದ ಗುರುತ್ವದ ಮಾದರಿಯಲ್ಲಿಯೂ ಏಕರೂಪತೆಯನ್ನು ಮುರಿಯಬೇಕಾಗುತ್ತದೆ. ಅರಿಸ್ಟೊಮೆನಿಸ್ ಡೋನೋಸ್ ಮತ್ತು ಶಾನ್ ಹಾರ್ಟ್‌ನಾಲ್ ಇದಕ್ಕೆ ಸುರುಳಿಯಾಕಾರದ ಜಾಲಕವನ್ನು ಬಳಸಿದರು (2013ರಲ್ಲಿ ಪ್ರಕಟಿತ). ತಾಪಮಾನ ಇಳಿದಂತೆ ಜಾಲಕದ ಪ್ರಭಾವ ಕುಗ್ಗಿದರೆ ಲೋಹ ಉಳಿಯುತ್ತದೆ. ಹಿಗ್ಗಿದರೆ ದೇಶಕಾಲದ ಒಳಭಾಗದ ರಚನೆಯೇ ಬದಲಾಗಿ, ಸುರುಳಿಯ ಅಕ್ಷದ ದಿಕ್ಕಿನಲ್ಲಿ ವಾಹಕತೆ ಶೂನ್ಯದತ್ತ ಸಾಗುತ್ತದೆ.

ತೋಮಾಸ್ ಆಂಡ್ರಾಡೆ ಮತ್ತು ಬೆಂಜಮಿನ್ ವಿದರ್ಸ್ ಅದೇ ವರ್ಷ ಇನ್ನೂ ಸರಳವಾದ ಮಾದರಿಯನ್ನು ನೀಡಿದರು. ಅದರಲ್ಲಿ ಒಂದೇ ಪ್ರವಣತೆಯಲ್ಲಿ ಏರುವ ಅದಿಶ ಕ್ಷೇತ್ರಗಳು ಜಾಲಕದ ಕೆಲಸ ಮಾಡುತ್ತವೆ. ಎರಡು ಆಯಾಮದ ವಸ್ತುವಿಗೆ, ಸೂಕ್ತ ಮಾನಗಳಲ್ಲಿ, ವಾಹಕತೆಯು ಎರಡು ಪದಗಳ ಮೊತ್ತ: ಸ್ಥಿರಾಂಕ 1 ಮತ್ತು ರಾಸಾಯನಿಕ ವಿಭವವನ್ನು ಪ್ರವಣತೆಯಿಂದ ಭಾಗಿಸಿದಾಗ ಬರುವ ಸಂಖ್ಯೆಯ ವರ್ಗ. ಪ್ರವಣತೆಯನ್ನು ಎಷ್ಟೇ ಹೆಚ್ಚಿಸಿದರೂ ಮೊದಲನೆಯ ಪದ ಅಳಿಯದು. ಅಂದರೆ ಈ ಮಾದರಿ ಎಂದಿಗೂ ಅವಾಹಕವಾಗದು.

ಇದು ಆ ಒಂದು ಮಾದರಿಯ ವಿಲಕ್ಷಣತೆಯಷ್ಟೇ ಆಗಿರಲಿಲ್ಲ. ಸಾಶೊ ಗ್ರೋಜ್ದಾನೊವ್, ಆಂಡ್ರ್ಯೂ ಲ್ಯೂಕಸ್, ಸುಬೀರ್ ಸಚ್‌ದೇವ್ ಮತ್ತು ಕೋನ್‌ರಾಡ್ ಶಾಲ್ಮ್ 2015ರಲ್ಲಿ, ಐನ್‌ಸ್ಟೈನ್–ಮ್ಯಾಕ್ಸ್‌ವೆಲ್ ಸಮೀಕರಣಗಳಷ್ಟೇ ಇರುವ ಎರಡು ಆಯಾಮದ ಸರಳ ಮಾದರಿಗಳಲ್ಲಿ ಅವ್ಯವಸ್ಥೆ ಎಷ್ಟೇ ಪ್ರಬಲವಾದರೂ ವಾಹಕತೆ ಈ ಕನಿಷ್ಠ ಮಿತಿಗಿಂತ ಕೆಳಗಿಳಿಯದೆಂದು ತೋರಿಸಿದರು. ಹೀಗಾಗಿ ಆಂಡರ್ಸನ್ ವಿವರಿಸಿದ ಬಗೆಯ ಸಂಕ್ರಮಣ ಅವುಗಳಲ್ಲಿ ಅಸಾಧ್ಯ. ಅವ್ಯವಸ್ಥೆಯನ್ನು ಪ್ರತಿನಿಧಿಸುವ ಕ್ಷೇತ್ರವನ್ನು ವಿದ್ಯುತ್ಕಾಂತ ಕ್ಷೇತ್ರದೊಂದಿಗೆ ನೇರವಾಗಿ ಬೆಸೆದರೆ ಈ ಮಿತಿ ಮುರಿಯುತ್ತದೆಂದು ಮತ್ತೇಯೊ ಬಾಜ್ಜೋಲಿ ಮತ್ತು ಒರಿಯೊಲ್ ಪುಜೊಲಾಸ್ ಬಳಿಕ ತೋರಿಸಿದರು.

ಮಿತಿಗಳು

ಈ ಲೆಕ್ಕಗಳು ಕಣಪ್ರಭೇದಗಳ ಸಂಖ್ಯೆ ಅತಿ ದೊಡ್ಡದಿರುವ ಆದರ್ಶ ವ್ಯವಸ್ಥೆಗಳಿಗೆ ಅನ್ವಯಿಸುತ್ತವೆ. ನಿಕಲ್ ಆಕ್ಸೈಡ್‌ನಂಥ ನಿರ್ದಿಷ್ಟ ವಸ್ತುವಿನ ಅಳತೆಗಳನ್ನು ಇವುಗಳಿಂದ ನೇರವಾಗಿ ಪಡೆಯಲಾಗದು.