ಶಿಸ್ತಿನ ಲೆಕ್ಕ

ಸೊರಬ, ಶಿಕಾರಿಪುರದ ಕಡೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮದುವೆಗೆ ಹೊರಟವನನ್ನು ಕಂಡರೆ ‘ಏನು ಮಾರಾಯ, ಭಾರೀ ಸಿಸ್ತಾಗಿ ಹೊಂಟಿದೀಯಲ್ಲ’ ಎಂದು ಕಿಚಾಯಿಸುವುದುಂಟು. ಸಿಸ್ತು ಎಂದರೆ ಅಲ್ಲಿ ಒಪ್ಪ, ಓರಣ. ಅದೇ ಪದ ಶಾಲೆಯ ಗೇಟು ದಾಟಿದರೆ ಡ್ರಿಲ್ ಮೇಷ್ಟ್ರ ಸೀಟಿಯಾಗುತ್ತದೆ. ತಾಲ್ಲೂಕು ಕಚೇರಿಗೆ ಹೋದರೆ ‘ಶಿಸ್ತುಕ್ರಮ’ವೆಂಬ ಬೆದರಿಕೆ. ಪಕ್ಷದ ಕಚೇರಿಯಲ್ಲಿ ಅದಕ್ಕೊಂದು ಸಮಿತಿಯೇ ಇದೆ. ಇಷ್ಟೊಂದು ವೇಷ ಹಾಕುವ ಈ ಪದ 350 ವರ್ಷಗಳ ಹಿಂದೆ ಇದೇ ಸೀಮೆಯಲ್ಲಿ ತೆರಿಗೆಯ ಹೆಸರಾಗಿತ್ತು.

‘ಶಿಸ್ತಿನ ಶಿವಪ್ಪನಾಯಕ’ ಎಂಬ ಬಿರುದನ್ನು ಪಠ್ಯಪುಸ್ತಕದಲ್ಲಿ ಓದಿದವರೆಲ್ಲ ಒಬ್ಬ ಬಿಗಿ ಮುಖದ ದೊರೆಯನ್ನು ಕಲ್ಪಿಸಿಕೊಂಡಿರುತ್ತಾರೆ: ಬೆಳಗಿನ ಜಾವ ಏಳುವವನು, ತಪ್ಪು ಮಾಡಿದವನನ್ನು ಬಿಡದವನು. ಆತ ಹಾಗೂ ಇದ್ದಿರಬಹುದು. ಆದರೆ ಬಿರುದು ಬಂದದ್ದು ಸ್ವಭಾವದಿಂದಲ್ಲ, ಕಂದಾಯದಿಂದ. 1645ರಿಂದ 1660ರವರೆಗೆ ಬಿದನೂರಿನಿಂದ ಆಳಿದ ಈ ಕೆಳದಿಯ ಅರಸ ತನ್ನ ನಾಡಿನ ಗದ್ದೆ, ತೋಟಗಳಿಗೆ ಗೊತ್ತುಮಾಡಿದ ತೆರಿಗೆಯ ಹೆಸರು ಶಿಸ್ತು. ಸೊರಬದ ಚಂದ್ರಗುತ್ತಿ ಕೋಟೆಯೂ ಅದರ ಸುತ್ತಲಿನ ನಾಡೂ ಆ ಲೆಕ್ಕದ ಒಳಗೇ ಇದ್ದವು.

ಆತ ಅದನ್ನು ಗೊತ್ತುಮಾಡಿದ ರೀತಿಯೇ ಸ್ವಾರಸ್ಯವಾದದ್ದು. ಊರೂರಿನಲ್ಲೂ ಒಂದೊಂದು ಬಗೆಯ ನೆಲದಲ್ಲಿ ಒಂದೊಂದು ಗದ್ದೆಯನ್ನು ಅರಮನೆಯ ಖರ್ಚಿನಲ್ಲೇ ಬೇಸಾಯ ಮಾಡಿಸಿದನಂತೆ. ಬಿತ್ತಿದ ಬೀಜವೆಷ್ಟು, ಆಳಿಗೆ ಕೊಟ್ಟದ್ದೆಷ್ಟು, ಕಣಕ್ಕೆ ಬಂದದ್ದೆಷ್ಟು ಎಂದು 12 ವರ್ಷ ಲೆಕ್ಕ ಬರೆಸಿ, ಸರಾಸರಿ ತೆಗೆದು, ಹುಟ್ಟುವಳಿಯ ಮೂರರಲ್ಲೊಂದು ಪಾಲು ಅರಮನೆಗೆ ಎಂದು ನಿಗದಿ ಮಾಡಿದ. ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ನೆಲಕ್ಕೆ ಐದು ದರ್ಜೆ. ಈ ಅಧಮಾಧಮ ಎಂಬ ಪದವನ್ನು ಕಂದಾಯದ ಪುಸ್ತಕಕ್ಕೆ ತಂದವನಿಗೆ ನೆಲದ ಮೇಲೆ ಏನು ಸಿಟ್ಟಿತ್ತೋ!

ಮೂರರಲ್ಲೊಂದು ಕಡಿಮೆಯೇನಲ್ಲ. ಆರರಲ್ಲೊಂದು ಪಾಲು ರಾಜನದು ಎಂದ ಹಳೆಯ ಧರ್ಮಶಾಸ್ತ್ರಗಳಿಗೆ ಹೋಲಿಸಿದರೆ ಇದು ಇಮ್ಮಡಿ. ಸ್ವಂತ ನೆಲವಿಲ್ಲದೆ ದುಡಿದವನಿಗೆ ಈ ಲೆಕ್ಕದಿಂದ ಏನೂ ಸಿಗಲಿಲ್ಲ. ಆದರೂ ಜನ ಅದನ್ನು ಬೈಗುಳವಾಗಿ ಅಲ್ಲ, ಹೊಗಳಿಕೆಯಾಗಿ ನೆನಪಿಟ್ಟರು. ತೆರಿಗೆ ಹೇರಿದ ದೊರೆಗೆ ತೆರಿಗೆಯ ಹೆಸರಿನಿಂದಲೇ ಬಿರುದು ಸಿಕ್ಕಿದ್ದು ಅಪರೂಪ. ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಒಂದನೇ ಚಾರ್ಲ್ಸ್ ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಹಣ ಎತ್ತಲು ಹೋಗಿ ಜಗಳ ಬೆಳೆಸಿಕೊಂಡು, 1649ರಲ್ಲಿ ತಲೆಯನ್ನೇ ಕಳೆದುಕೊಂಡಿದ್ದ. ನಮ್ಮಲ್ಲಿ ಪಾರ್ಲಿಮೆಂಟ್ ಇರಲಿಲ್ಲ, ಶಿಸ್ತು ಇತ್ತು. ಇಷ್ಟು ಎಂದ ಮೇಲೆ ಇಷ್ಟೇ. ಕೊಡುವವನನ್ನು ಕಟ್ಟಿಹಾಕಿದ ಹಾಗೆ ವಸೂಲಿಗೆ ಬಂದವನ ಕೈಯನ್ನೂ ಆ ಅಂಕೆ ಹಿಡಿದಿತ್ತು. ಆ ಪದದ ಜೀವ ಇದ್ದದ್ದು ಈ ಎರಡನೆಯದರಲ್ಲಿ ಎಂದೇ ನನ್ನ ಎಣಿಕೆ.

ಅಳತೆಯ ಬಗ್ಗೆ ಈ ಸೀಮೆಗೆ ಅದಕ್ಕೂ ಹಿಂದಿನಿಂದ ಕಾಳಜಿ ಇತ್ತು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಭೇರುಂಡೇಶ್ವರ ಕಂಬ ಈಗಲೂ ಇದೆ. ಅಲ್ಲಿನ ಶಾಸನಗಳಲ್ಲಿ ದಾನದ ಭೂಮಿ ಅಳೆಯಲು ‘ಭೇರುಂಡ ಗಳೆ’ ಎಂಬ ಕೋಲಿನ ಹೆಸರು ಬರುತ್ತದೆ. ಯಾವ ಕೋಲಿನಿಂದ ಅಳೆದದ್ದು ಎಂದು ಕಲ್ಲಿನಲ್ಲಿ ಕೊರೆಸದಿದ್ದರೆ ಮುಂದೆ ಯಾರಾದರೂ ಕೋಲನ್ನೇ ಉದ್ದ ಮಾಡಿಯಾರು ಎಂಬ ಅನುಮಾನ ಅವರಿಗೂ ಇದ್ದಿರಬೇಕು.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಶಿಸ್ತಿನ ಮೇಲೆ ಬೇರೆ ಬೇರೆ ಬಾಬುಗಳು ಏರಿ ಕುಳಿತವು. ಘಟ್ಟದ ಕೆಳಗೆ ಕೆನರಾದಲ್ಲಿ ಹಳೆಯ ತೆರಿಗೆಗೆ ‘ರೇಖೆ’, ಹೊಸದಾಗಿ ಸೇರಿದ್ದಕ್ಕೆ ‘ಶಾಮಿಲು’ ಎಂದು ಬೇರೆ ಹೆಸರೇ ಇತ್ತು. ಟಿಪ್ಪುವಿನ ಪತನದ ನಂತರ ಅಲ್ಲಿಗೆ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಶಾನುಭೋಗರ ಹಳೆಯ ಕಡತಗಳನ್ನು ಬಿಚ್ಚಿಸಿ ಓದಿಸಿ, ಹಿಂದಿನ ತೆರಿಗೆ ಹಗುರವಾಗಿತ್ತು, ಭೂಮಿ ರೈತನ ಸ್ವಂತದ್ದಾಗಿತ್ತು ಎಂದು ವರದಿ ಬರೆದ. (ಕಡತವೂ ಹೀಗೆಯೇ ದಾರಿ ಬದಲಿಸಿದ ಪದ. ಆಗ ಅದು ಕಪ್ಪು ಬಳಿದ ಬಟ್ಟೆಯ ಮಡಿಕೆ ಪುಸ್ತಕ. ಈಗ ಮೇಜಿನಿಂದ ಮೇಜಿಗೆ ಚಲಿಸದ ಫೈಲು.)

ಘಟ್ಟದ ಮೇಲಿನ ನಗರ ಪ್ರಾಂತ್ಯ, ಅಂದರೆ ಹಳೆಯ ಬಿದನೂರಿನ ಸೀಮೆ, ಮಾತ್ರ ಮೈಸೂರಿನಲ್ಲೇ ಉಳಿಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಅಲ್ಲಿ ‘ಷರತ್ತು’ ಬಂತು. ಇಷ್ಟು ವಸೂಲು ಮಾಡಿ ಕೊಡುತ್ತೇನೆಂದು ಅಮಲ್ದಾರ ಸರ್ಕಾರಕ್ಕೆ ಮುಚ್ಚಳಿಕೆ ಬರೆದುಕೊಡಬೇಕು. ಕಡಿಮೆಯಾದರೆ ಆತನೇ ತುಂಬಿಕೊಡಬೇಕು. ಕೈಯಿಂದ ತುಂಬುವ ಅಮಲ್ದಾರ ಎಲ್ಲಿದ್ದಾನೆ? ರೈತನನ್ನೇ ಹಿಂಡಿದ. ಶಿಸ್ತು ಮೇಲಿನ ಮಿತಿಯನ್ನು ಹೇಳುತ್ತಿತ್ತು, ಷರತ್ತು ಕೆಳಗಿನ ಮಿತಿಯನ್ನು ಹೇಳಿತು. 1830ರಲ್ಲಿ ರೈತರು ಕೂಟ ಕಟ್ಟಿದರು, ಕಂದಾಯ ಕೊಡುವುದಿಲ್ಲವೆಂದರು. ಕೆಳದಿಯ ವಾರಸುದಾರ ತಾನೆಂದು ಬೂದಿ ಬಸವಪ್ಪ ಎದ್ದು ನಿಂತ. ಆತ ಹೇಳಿದ್ದು ನಿಜವೋ ಸುಳ್ಳೋ, ಜನ ಹಿಂದೆ ಹೋದರು. ಕೆಳದಿಯ ಹೆಸರಿನಲ್ಲಿ ಅವರಿಗೆ ಹಳೆಯ ತೆರಿಗೆಯ ನೆನಪೂ ಇತ್ತೆಂದು ನಾನು ಊಹಿಸುತ್ತೇನೆ. ದಂಗೆ ಅಡಗಿತು. ಆದರೆ ಅದನ್ನೇ ನೆಪ ಮಾಡಿಕೊಂಡು ಬ್ರಿಟಿಷ್ ಗವರ್ನರ್ ಜನರಲ್ ಬೆಂಟಿಂಕ್ 1831ರ ಅಕ್ಟೋಬರಿನಲ್ಲಿ ಆಡಳಿತವನ್ನು ಅರಸರಿಂದ ಕಿತ್ತುಕೊಂಡ. ಮೈಸೂರು 50 ವರ್ಷ ಕಮಿಷನರುಗಳ ಕೈಯಲ್ಲಿತ್ತು. ಬೋಸ್ಟನ್ನಿನ ಚಹಾ ತೆರಿಗೆಯ ಕಥೆಯನ್ನು ನಮ್ಮ ಮಕ್ಕಳು ಬಾಯಿಪಾಠ ಹೇಳುತ್ತಾರೆ. ಅರ್ಧ ಶತಮಾನದ ಆಡಳಿತವನ್ನೇ ತಿರುಗಿಸಿದ ನಗರದ ರೈತಕೂಟಕ್ಕೆ ಪಾಠದಲ್ಲಿ ಒಂದೆರಡು ಸಾಲು.

ಶಿಕಾರಿಪುರ ತಾಲ್ಲೂಕಿನ ಈಸೂರಿನದು ಇನ್ನೊಂದು ಬಗೆ. 1942ರಲ್ಲಿ ‘ಏಸೂರು ಕೊಟ್ಟರೂ ಈಸೂರು ಬಿಡೆವು’ ಎಂದು ಸ್ವತಂತ್ರ ಸರ್ಕಾರ ಘೋಷಿಸಿದ ಊರಿನವರು ಹದಿಹರೆಯದ ಹುಡುಗರನ್ನೇ ತಮ್ಮ ಅಮಲ್ದಾರ, ಸಬ್‌ಇನ್ಸ್‌ಪೆಕ್ಟರ್ ಎಂದು ನೇಮಿಸಿಕೊಂಡರು. ಕಂದಾಯ ವಸೂಲಿಗೆ ಬರುವವನಾಗಿದ್ದ ಅಮಲ್ದಾರನ ಹುದ್ದೆ ಸ್ವರಾಜ್ಯಕ್ಕೂ ಬೇಕಾಯಿತು ನೋಡಿ. ಸೆಪ್ಟೆಂಬರ್ 28ರ ಘರ್ಷಣೆಯಲ್ಲಿ ಮೈಸೂರು ಸರ್ಕಾರದ ಅಮಲ್ದಾರರೂ ಸಬ್‌ಇನ್ಸ್‌ಪೆಕ್ಟರರೂ ಸತ್ತರು. 1943ರ ಮಾರ್ಚಿನಲ್ಲಿ ಈಸೂರಿನ ಐವರನ್ನು ಗಲ್ಲಿಗೇರಿಸಲಾಯಿತು. ಸುವ್ಯವಸ್ಥೆ ಕಾಪಾಡುವುದು ಎಂಬ ಅರ್ಥದ ಶಿಸ್ತು ಎಷ್ಟು ದೂರ ಹೋಗಬಲ್ಲದು ಎಂಬುದು ಆ ಊರಿಗೆ ಗೊತ್ತು.

ಸೊರಬಕ್ಕೆ ತಾಗಿದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್ 18ರಂದು ಶುರುವಾದ ಸತ್ಯಾಗ್ರಹದ ಕಿಡಿಯೂ ಒಂದು ಅಳತೆಯೇ. ಗೇಣಿ ಭತ್ತ ಅಳೆದುಕೊಳ್ಳುವಾಗ ಜಮೀನಿನ ಒಡೆಯರ ಕೊಳಗ ಸರ್ಕಾರಿ ಕೊಳಗಕ್ಕಿಂತ ದೊಡ್ಡದಿತ್ತು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಮುಂದೆ ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ಗೇಣಿಯೇ ಕಾನೂನಿನಿಂದ ಹೊರಬಿತ್ತು. ಕೊಳಗ ಹಿಡಿದವನಿಗೆ ಯಾರಾದರೂ ಶಿಸ್ತು ಹೇಳಿದ್ದರೆ ಆ ಸತ್ಯಾಗ್ರಹವೇ ಬೇಕಿರಲಿಲ್ಲವೇನೋ.

ಪದ ಮತ್ತೆ ಖಜಾನೆಯ ಹತ್ತಿರ ಸುಳಿದದ್ದು 1991ರಲ್ಲಿ. ವಿದೇಶಿ ವಿನಿಮಯ ಬರಿದಾಗಿ 47 ಟನ್ನಿನಷ್ಟು ಚಿನ್ನವನ್ನು ಹೊರದೇಶದ ಬ್ಯಾಂಕುಗಳಲ್ಲಿ ಅಡವಿಟ್ಟ ಆ ಜುಲೈನಿಂದ ‘ಹಣಕಾಸಿನ ಶಿಸ್ತು’ ಪತ್ರಿಕೆಗಳ ದಿನನಿತ್ಯದ ಮಾತಾಯಿತು. ಆಗ ವಿಧಾನಸೌಧದಲ್ಲಿ ಮುಖ್ಯಮಂತ್ರಿಯಾಗಿದ್ದವರು ಸೊರಬ ತಾಲ್ಲೂಕು ಕುಬಟೂರಿನ ಬಂಗಾರಪ್ಪ. ದೆಹಲಿ ಕೈ ಬಿಗಿ ಮಾಡುತ್ತಿದ್ದರೆ ಇವರು 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಕೊಟ್ಟರು. ಅರ್ಥಶಾಸ್ತ್ರಜ್ಞರು ಇದನ್ನು ಅಶಿಸ್ತು ಎಂದರು, ಸೊರಬದ ರೈತರು ಹಾಗೆನ್ನಲಿಲ್ಲ. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿ, ಕೇಂದ್ರಕ್ಕಿಂತ ಮುಂಚೆ ಕರ್ನಾಟಕ ತನ್ನ ಕೈಗೆ ತಾನೇ ಬೇಡಿ ಹಾಕಿಕೊಂಡಿತು. ಕೊರೊನಾ ಬಂದ 2020ರಲ್ಲಿ ವಿತ್ತೀಯ ಕೊರತೆಯ ಮಿತಿಯನ್ನು ಶೇ 3ರಿಂದ ಶೇ 5ಕ್ಕೆ ಸಡಿಲಿಸಿಕೊಂಡಾಗ ಮುಖ್ಯಮಂತ್ರಿ ಶಿಕಾರಿಪುರದ ಯಡಿಯೂರಪ್ಪ, ಹಣಕಾಸು ಖಾತೆಯೂ ಅವರದೇ.

ಪಕ್ಷದ ಶಿಸ್ತಿನ ಮಾತು ಬಂದರೆ ಈ ಎರಡು ತಾಲ್ಲೂಕುಗಳು ನಗುತ್ತವೆ. ಬಂಗಾರಪ್ಪನವರು ಬದಲಿಸಿದ, ಕಟ್ಟಿದ ಪಕ್ಷಗಳನ್ನು ಅವರ ಕಟ್ಟಾ ಅಭಿಮಾನಿಗಳೂ ತಡವರಿಸದೆ ಹೇಳಲಾರರು. ಶಿಸ್ತಿನ ಪಕ್ಷವೆಂದು ಕರೆದುಕೊಳ್ಳುವ ಬಿಜೆಪಿಯಿಂದ 2012ರಲ್ಲಿ ಹೊರಬಂದು ಕೆಜೆಪಿ ಕಟ್ಟಿದ ಯಡಿಯೂರಪ್ಪನವರು 2014ರಲ್ಲಿ ವಾಪಸಾದರು. 2008ರಲ್ಲಿ ಇಬ್ಬರೂ ಶಿಕಾರಿಪುರದಲ್ಲೇ ಎದುರಾಬದುರಾ ನಿಂತಿದ್ದರು, ಬಂಗಾರಪ್ಪ ಸೋತರು. ಮತದಾರರು ಅವರನ್ನು ಅಳೆದ ಕೋಲು ಪಕ್ಷದ್ದಾಗಿರಲಿಲ್ಲ.

ಇವತ್ತಿನ ಪಹಣಿಯಲ್ಲಿ ಭೂಕಂದಾಯ, ಜೋಡಿ, ಸೆಸ್ಸು, ನೀರಿನ ದರ ಎಂಬ ಕಲಂಗಳಿವೆ, ಶಿಸ್ತು ಇಲ್ಲ. ಭೂಕಂದಾಯವನ್ನೇ ನೆಚ್ಚಿ ಈಗ ಯಾವ ಸರ್ಕಾರವೂ ನಡೆಯುವುದಿಲ್ಲ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡಿಸಿ ಶಿಕಾರಿಪುರದವರು ಮಂಡಿಗೆ ಹಾಕುವ ಒಣ ಅಡಿಕೆಯ ಮೇಲೆ 2017ರ ಜುಲೈ 1ರಿಂದ ಶೇ 5 ಜಿಎಸ್‌ಟಿ ಇದೆ. ಶಿವಪ್ಪನಾಯಕನೂ ಅಡಿಕೆ ತೋಟಕ್ಕೆ ದರ ಕಟ್ಟಿದ್ದ, ಬಿದನೂರಿನಲ್ಲಿ ಕೂತು. ಈಗಿನ ದರವನ್ನು ಬೆಂಗಳೂರು ಒಂದೇ ಬದಲಿಸಲಾರದು. ಅದಕ್ಕೆ ಜಿಎಸ್‌ಟಿ ಮಂಡಳಿ ಸಭೆ ಸೇರಬೇಕು.